ಹತ್ತರಲ್ಲಿ ಎರಡು ಹೋಗಿ ಒಂಬತ್ತು

ಎಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಬೆಟಗೇರಿಯ ಒಂದು ನೂಲಿನ ಗೋದಾಮಿನಲ್ಲಿ ನಾನು ಗುಮಾಸ್ತನಾಗಿದ್ದೆ. ನೇಕಾರರಿಗೆ ಬಣ್ಣದ ನೂಲು ಕೊಡುವುದು ನಮ್ಮ ಕೆಲಸ. ಮೊದಲು ಒಂದೊಂದು ಬಣ್ಣಕ್ಕೂ ಒಂದೊಂದು ಹಲಗೆ ಗೋಡೆಯ ಮೊಳೆಯಲ್ಲಿ ತೂಗುತ್ತಿತ್ತು. ಎಷ್ಟು ಬಂಡಲ್ ಉಳಿದಿದೆ ಎಂಬುದು ಅದರ ಮೇಲೆ ಸೀಮೆಸುಣ್ಣದಲ್ಲಿ ಇರುತ್ತಿತ್ತು. ಹಲಗೆ ಇಳಿಸಿಕೊಂಡವರು ಮಾತ್ರ ಆ ಬಣ್ಣ ಕೊಡಬೇಕು. ಮೊಳೆ ಖಾಲಿ ಕಂಡರೆ ಉಳಿದವರು ಸುಮ್ಮನೆ ಕಾಯಬೇಕು. ಯಾರೂ ನಮಗೆ ಇದನ್ನು ಹೇಳಿಕೊಟ್ಟಿರಲಿಲ್ಲ, ಎಲ್ಲರೂ ಹಾಗೆ ಮಾಡುತ್ತಿದ್ದೆವು.

ಕಂಪ್ಯೂಟರ್ ಬಂದಾಗ ಹಲಗೆಗಳನ್ನು ಅಟ್ಟಕ್ಕೆ ಹಾಕಿದೆವು. ಮೊಳೆಗಳು ಗೋಡೆಯಲ್ಲೇ ಉಳಿದವು. ಯಂತ್ರ ಒಂದೇ, ಪರದೆ ಎರಡು. ಒಂದರ ಮುಂದೆ ನಾನು, ಇನ್ನೊಂದರ ಮುಂದೆ ನನ್ನ ಗೆಳೆಯ. ಒಂದೇ ಲೆಕ್ಕ ಇಬ್ಬರಿಗೂ ಏಕಕಾಲಕ್ಕೆ ಕಾಣುತ್ತದೆ, ಇನ್ನು ಕಾಯುವ ಗೋಜಿಲ್ಲ ಎಂದು ಇಬ್ಬರಿಗೂ ಖುಷಿಯಾಗಿತ್ತು.

ಒಂದು ಬೆಳಿಗ್ಗೆ ಬೆಟಗೇರಿಯ ನೇಕಾರರ ಮನೆಯ ಒಬ್ಬ ಅಕ್ಕ ನನ್ನ ಕಿಟಕಿಗೆ ಬಂದು ದಾಳಿಂಬೆ ಬಣ್ಣದ ನೂಲು ಕೇಳಿದರು. ಒಂದೇ ಬಂಡಲ್ ಉಳಿದಿತ್ತು. ಚೀಟಿ ಕೊಟ್ಟೆ. ಅವರು ಗೋದಾಮಿಗೆ ಹೋಗಿ ಬರಿಗೈಯಲ್ಲಿ ಮರಳಿದರು. ಅದೇ ಬಂಡಲ್‌ಗೆ ಗೆಳೆಯನೂ ಲಕ್ಷ್ಮೇಶ್ವರದ ಒಬ್ಬ ನೇಕಾರರಿಗೆ ಚೀಟಿ ಕೊಟ್ಟಿದ್ದ. ಅವರು ಮೊದಲು ಹೋಗಿ ಎತ್ತಿಕೊಂಡಿದ್ದರು.

“ಸೀರಿ ಅರ್ಧಾ ಮಗ್ಗದ ಮ್ಯಾಲ ಐತಿ ತಮ್ಮಾ,” ಎಂದರು ಅಕ್ಕ. “ಅಡ್ಡ ಎಳಿಗೆ, ಹೊಕ್ಕಿಗೆ, ಇದ ನೂಲ ಬೇಕು. ಬ್ಯಾರೆ ಸಲ ಕಾಸಿದ ಬಣ್ಣ ಆದ್ರ ನಡುವ ಪಟ್ಟಿ ಬಿದ್ದಂಗ ಕಾಣ್ತೈತಿ. ಮದುವಿ ಸೀರಿ ಅದು. ಯಾರ ಉಡ್ತಾರ?”

ಲಕ್ಷ್ಮೇಶ್ವರದವರನ್ನು ಹಿಡಿಯಲು ಗೆಳೆಯ ಬಸ್ ನಿಲ್ದಾಣಕ್ಕೆ ಸೈಕಲ್ ಓಡಿಸಿದ. ನಾನು ಪರದೆ ನೋಡಿದೆ. ದಾಳಿಂಬೆ: ಸೊನ್ನೆ. ಇದ್ದದ್ದು ಒಂದು, ಚೀಟಿ ಹೋದದ್ದು ಎರಡು. ಲೆಕ್ಕದಲ್ಲಿ ಎಲ್ಲಿಯೂ ತಪ್ಪು ಕಾಣುತ್ತಿರಲಿಲ್ಲ. ನನಗೆ ಹೆದರಿಕೆ ಹುಟ್ಟಿದ್ದು ಅದರಿಂದಲೇ.

ನಮ್ಮ ಕಂಪ್ಯೂಟರಿಗೆ ಲೆಕ್ಕದ ಪ್ರೋಗ್ರಾಂ ಬರೆದವರು ಹುಬ್ಬಳ್ಳಿಯಿಂದ ಬಂದು ಆ ವಾರ ನಮ್ಮಲ್ಲೇ ಕೂತಿದ್ದರು. ಗೆಳೆಯ ಲಕ್ಷ್ಮೇಶ್ವರದವರನ್ನು ಕರೆದುಕೊಂಡು ಮರಳಿದ ಮೇಲೆ ನಮ್ಮಿಬ್ಬರನ್ನೂ ಕೂಡಿಸಿದರು. ಇಲ್ಲದ ಒಂದು ಬಣ್ಣ ಹುಟ್ಟಿಸಿ, ಹತ್ತು ಬಂಡಲ್ ಇದೆ ಎಂದು ಬರೆದರು. “ಇಬ್ಬರೂ ಕೂಡೇ ತಗೀರಿ. ಹತ್ತು ಕಂಡ ಮ್ಯಾಲ ಒಂದೊಂದು ಕೊಡ್ರಿ.”

ಇಬ್ಬರಿಗೂ ಹತ್ತು ಕಂಡಿತು. ಇಬ್ಬರೂ ಒಂದೊಂದು ಕೊಟ್ಟೆವು. ಮತ್ತೆ ತೆರೆದು ನೋಡಿದರೆ ಒಂಬತ್ತು.

ಗೆಳೆಯ ನೋಡಿದ ಹತ್ತು ನಿಜ, ನಾನು ನೋಡಿದ ಹತ್ತೂ ನಿಜ. ಇಬ್ಬರೂ ಹತ್ತರಲ್ಲಿ ಒಂದು ಕಳೆದು ಒಂಬತ್ತು ಎಂದೇ ಬರೆದೆವು. ಎರಡನೆಯ ಒಂಬತ್ತು ಮೊದಲನೆಯದರ ಮೇಲೆ ಕೂತಿತು. ಒಬ್ಬನ ಕೆಲಸ ಗುರುತೇ ಇಲ್ಲದೆ ಅಳಿಸಿಹೋಗಿತ್ತು.

ಲಕ್ಷ್ಮೇಶ್ವರದವರು ನಕ್ಕುಬಿಟ್ಟರು. “ಒಂದ ಕನ್ಯಾ ಇಬ್ಬರಿಗೆ ಕೊಟ್ಟಂಗಾತಲ್ರಿ!” ಅವರು ಇನ್ನೂ ಮಗ್ಗಕ್ಕೆ ಹಾಸು ಹೂಡಿ ನೇಯ್ಗೆ ಶುರು ಮಾಡಿರಲಿಲ್ಲ. ಯಾವ ಬಣ್ಣವಾದರೂ ನಡೆಯುತ್ತಿತ್ತು. ಬಂಡಲ್ ಇಳಿಸಿ, ಬೇರೆ ಬಣ್ಣದ ನೂಲು ಹೊತ್ತು ಹೋದರು.

ಅಕ್ಕ ಕೈಚಾಚಿದರು. ಪ್ರೋಗ್ರಾಂನವರು ತಡೆದರು. ಮರಳಿ ಬಂದದ್ದನ್ನು ಲೆಕ್ಕಕ್ಕೆ ಸೇರಿಸಿಯೇ ಕೊಡಬೇಕು, ತಿದ್ದುವ ಮುಂಚೆ ಸೇರಿಸಿದರೆ ಮತ್ತೆ ಇಬ್ಬರಿಗೆ ಬರೆದುಕೊಡುತ್ತೀರಿ, ಸ್ವಲ್ಪ ಕಾಯಿರಿ ಎಂದರು.

“ನನ್ನ ನೂಲಿನ ಮ್ಯಾಲ ಆಟ ಆಡಬ್ಯಾಡ್ರಿ,” ಎಂದು ಅಕ್ಕ ಬಂಡಲ್ ಪಕ್ಕದಲ್ಲೇ ಕೂತರು.

ಮಧ್ಯಾಹ್ನ ಇಳಿಯುವವರೆಗೆ ಹುಬ್ಬಳ್ಳಿಯವರು ಪ್ರೋಗ್ರಾಂ ತಿದ್ದಿದರು. ಬಂಡಲ್ಲನ್ನು ಮತ್ತೆ ಲೆಕ್ಕಕ್ಕೆ ಸೇರಿಸಿ ನಾನು ದಾಳಿಂಬೆ ತೆರೆದೆ. ಒಂದು ಎಂದು ಕಂಡಿತು. ಅಷ್ಟರಲ್ಲಿ ಗೆಳೆಯನ ಕಿಟಕಿಗೂ ಅದೇ ಬಣ್ಣ ಕೇಳುವವರು ಬಂದರು. ಅವನೂ ತೆರೆದ. ಅವನ ಪರದೆ ಹಾಗೇ ನಿಂತುಬಿಟ್ಟಿತು.

“ಕೆಟ್ಟತೇನ್ರಿ ಸರ?” ಎಂದ ಗೆಳೆಯ.

“ಕೆಟ್ಟಿಲ್ಲ. ಕಾಯಾಕತ್ತೈತಿ,” ಎಂದರು ಪ್ರೋಗ್ರಾಂನವರು.

ನಾನು ಎದ್ದು ಹೋಗಿ ನೋಡಿದೆ. ಅಂಕಿ ಇಲ್ಲ, ಅಕ್ಷರ ಇಲ್ಲ. ಒಂದು ಸಣ್ಣ ಬೆಳಕು ಮಾತ್ರ ಮಿನುಗುತ್ತಿತ್ತು. ನನ್ನ ಕೆಲಸ ಮುಗಿಯುವವರೆಗೆ ಆ ಅಂಕಿಯನ್ನು ಅವನಿಗೆ ತೋರಿಸಲೇಬಾರದೆಂದು ಯಂತ್ರಕ್ಕೆ ತಿಳಿದಿತ್ತು. ತಲೆ ಎತ್ತಿದರೆ ಗೋಡೆಯಲ್ಲಿ ದಾಳಿಂಬೆಯ ಖಾಲಿ ಮೊಳೆ. ಆ ಹಲಗೆ ಈಗ ನನ್ನ ಕೈಯಲ್ಲಿದ್ದ ಹಾಗಿತ್ತು.

“ಲೇ, ನಿಂತೇನ ನೋಡ್ತೀ? ಜಲ್ದಿ ಮುಗಸಲೇ!” ಎಂದ ಗೆಳೆಯ.

ಮರಳಿ ಕೂತು ಅಕ್ಕನ ಹೆಸರು ಬರೆದು ಕೀ ಒತ್ತಿದೆ. ಆ ಕ್ಷಣವೇ ಅತ್ತ ಅವನ ಪರದೆ ಬಾಯಿಬಿಟ್ಟಿತು.

“ಸೊನ್ನಿ,” ಎಂದ. ತನ್ನ ಕಿಟಕಿಯಲ್ಲಿದ್ದವರಿಗೆ, “ಇಲ್ರಿ, ಮುಗೀತು,” ಎಂದ.

ಅಕ್ಕ ಇದೊಂದನ್ನೂ ನೋಡಲಿಲ್ಲ. ಬಂಡಲ್ಲನ್ನು ಬಾಗಿಲ ಬಿಸಿಲಿಗೆ ಒಯ್ದು, ಬೆರಳಿಗೆ ಸುತ್ತಿಕೊಂಡು ಬಂದಿದ್ದ ಮಗ್ಗದ ಎಳೆಯನ್ನು ಬಿಚ್ಚಿ ಅದರ ಮೇಲಿಟ್ಟರು. ಬಣ್ಣ ಎಷ್ಟು ಕೂಡಿತೆಂದರೆ ಎಳೆ ಎಲ್ಲಿದೆಯೆಂದು ನನಗೆ ಕಾಣಲಿಲ್ಲ.