ಬೊಟ್ಟಿಲ್ಲದ ಬೆಸುಗೆ

ಆಂಟಿಯ ಬಲಗೈ ಮೇಲೆ, ಬಳೆಗಳಿಂದ ಸ್ವಲ್ಪ ಮೇಲಕ್ಕೆ, ಸಾಸಿವೆ ಕಾಳಿನಷ್ಟು ಸಣ್ಣ ಸುಟ್ಟ ಕಲೆಗಳಿದ್ದವು. ಒಂದೆರಡಲ್ಲ, ಹದಿನೈದಿಪ್ಪತ್ತು. ಬಾಡಿಗೆಗೆ ಬಂದ ಹೊಸದರಲ್ಲಿ ಅವು ಒಗ್ಗರಣೆ ಸಿಡಿದ ಗುರುತೆಂದುಕೊಂಡು, "ಎಣ್ಣೆ ಕಾಯಿಸುವಾಗ ಸ್ವಲ್ಪ ಹುಷಾರು ಆಂಟಿ" ಎಂದು ಬುದ್ಧಿ ಹೇಳಿದ್ದೆ. ಲ್ಯಾಬಿನಲ್ಲಿ ದಿನವಿಡೀ ಜನರ ರಕ್ತ ತೆಗೆಯುವ ಕೆಲಸ ನನ್ನದು. ಯಾರ ಕೈ ಕಂಡರೂ ಬುದ್ಧಿ ಹೇಳುವ ಚಾಳಿ ಅಂಟಿಕೊಂಡಿತ್ತು. ಅವರು ತಮ್ಮ ಕೈಯನ್ನು ಒಮ್ಮೆ ತಿರುಗಿಸಿ ನೋಡಿಕೊಂಡು, "ಇದು ಎಣ್ಣೇದಲ್ಲ ಕಣಮ್ಮ, ಸೋಲ್ಡರ್‌ದು" ಎಂದು ಹೇಳಿ, ನೀರಿನ ಮೋಟರ್ ಹಾಕಲು ಹೊರಟುಹೋದರು.

ಬೆಂಗಳೂರಿನ ದೊಡ್ಡನೆಕ್ಕುಂದಿಯಲ್ಲಿ ಅವರ ಮೂರಂತಸ್ತಿನ ಮನೆಯ ಮೇಲುಗಡೆಯ ಒಂಟಿ ಕೋಣೆಯಲ್ಲಿ ನಾನಿದ್ದೆ, ಕೆಳಗೆ ಅವರಿದ್ದರು. ಮಿಕ್ಕ ಬಾಡಿಗೆಯವರೆಲ್ಲ ಓನರ್ ಆಂಟಿ ಎನ್ನುತ್ತಿದ್ದರು. ನನಗೆ ಮೊದಲ ತಿಂಗಳಲ್ಲೇ ಓನರ್ ಉದುರಿ ಆಂಟಿ ಮಾತ್ರ ಉಳಿಯಿತು. ಅವರ ತಂದೆಯ ರಾಗಿ ಹೊಲವಿದ್ದ ಜಾಗದಲ್ಲಿ ಮೈಕ್‌ಸೆಟ್ಟಿಗೆ ಆಂಪ್ಲಿಫೈಯರ್ ಮಾಡುವ ಕಾರ್ಖಾನೆ ಬಂದಾಗ, ಜಮೀನು ಕೊಟ್ಟವರಿಗೆ ಮನೆಗೊಂದು ಕೆಲಸ ಎಂದರಂತೆ. ಅವರ ಅಣ್ಣ, ಹೆಂಗಸರ ಹಾಗೆ ಕೂತು ಮಾಡುವ ಕೆಲಸ ತನಗೆ ಬೇಡವೆಂದು ಮೀಸೆ ತಿರುವಿದ. ತಂಗಿ ಹೋಗಿ ಕೂತಳು. "ನಮ್ ಬಾವಿ ಎಲ್ಲಿತ್ತೋ ಸರಿಯಾಗಿ ಅಲ್ಲೇ ನನ್ ಬೆಂಚು ಬಿತ್ತು" ಎಂದು ಆಂಟಿ ಆಗಾಗ ಹೇಳುತ್ತಿದ್ದರು. ಆ ಮಾತಿನಲ್ಲಿ ಸಂಕಟ ಎಷ್ಟು, ಹೆಮ್ಮೆ ಎಷ್ಟು ಎಂದು ನನಗೆ ಕೊನೆಯವರೆಗೂ ಗೊತ್ತಾಗಲಿಲ್ಲ.

ತವರ ಕರಗಿಸಿ ತಂತಿ ಬೆಸೆಯುವ ಈ ಸೋಲ್ಡರ್ ಕೆಲಸ ಮಾಡುತ್ತ ಮಾಡುತ್ತ ಅವರು ತಪಾಸಣೆಯ ಬೆಂಚಿಗೆ ಏರಿದರು. ಬೇರೆಯವರು ಹಾಕಿದ ಒಂದೊಂದು ಬೆಸುಗೆಯನ್ನೂ ಚಿಮುಟದಲ್ಲಿ ಹಿಡಿದು ಎಳೆದು ನೋಡುವುದು, ಆಮೇಲೆ ಹೆಡ್‌ಫೋನ್ ಹಾಕಿಕೊಂಡು ಕೇಳುವುದು. ಸರಿಯಿದ್ದರೆ ಬೆಸುಗೆಯ ಮೇಲೆ ಕೆಂಪು ನೇಲ್‌ಪಾಲಿಶಿನ ಒಂದು ಚುಕ್ಕೆ. ಅದಕ್ಕೆ ಅವರು ಬೊಟ್ಟು ಎನ್ನುತ್ತಿದ್ದರು. ಸರಿಯಿಲ್ಲದಿದ್ದರೆ ಬೈಗುಳವಿಲ್ಲ, ಬೊಟ್ಟೂ ಇಲ್ಲ. ಪೀಸು ಅದನ್ನು ಮಾಡಿದವಳ ಕೈಗೇ ವಾಪಸ್. ಅವರವರ ತಪ್ಪನ್ನು ಅವರವರೇ ತಿದ್ದಬೇಕು, ತನ್ನ ಕೆಲಸಕ್ಕೆ ತಾನೇ ಬೊಟ್ಟಿಡುವ ಹಾಗಿಲ್ಲ. ಇವೆರಡು ಅಲ್ಲಿನ ಕಾನೂನು. ಕಾರ್ಖಾನೆ ಬಾಗಿಲು ಹಾಕಿ ಎಷ್ಟೋ ವರ್ಷವಾದ ಮೇಲೂ ಆಂಟಿಯ ಮನೆಯಲ್ಲಿ ಅದೇ ಕಾನೂನು ನಡೆಯುತ್ತಿತ್ತು. ಸೊಸೆ ಮಾಡಿದ ಸಾರಿಗೆ ಉಪ್ಪು ಕಡಿಮೆಯಾದರೆ ಇವರು ಉಪ್ಪಿನ ಡಬ್ಬಿ ಮುಟ್ಟುತ್ತಿರಲಿಲ್ಲ, ಪಾತ್ರೆಯನ್ನು ಸೊಸೆಯ ಮುಂದೆ ತಳ್ಳುತ್ತಿದ್ದರು. ಆ ಸೊಸೆಯ ತಾಳ್ಮೆ ದೊಡ್ಡದು.

ಇದೆಲ್ಲ ನನಗೆ ತಿಳಿದದ್ದು ಒಂದು ಭಾನುವಾರ ಬೆಳಗ್ಗೆಯ ಹೊಗೆಯಿಂದ. ನನ್ನ ಹತ್ತಿರ ಒಂದು ಹಳೆಯ ಎಲೆಕ್ಟ್ರಿಕ್ ಗಿಟಾರ್ ಇತ್ತು, ಜೊತೆಗೆ ಇಬ್ಬರು ಗೆಳತಿಯರು, ಒಬ್ಬಳು ಡ್ರಮ್ಮಿಗೆ, ಒಬ್ಬಳು ಬೇಸ್ ಗಿಟಾರಿಗೆ. ಕೆಲಸದ ಜಾಗದಲ್ಲಿ ನುಂಗಿಕೊಂಡ ಮಾತುಗಳ ಬಗ್ಗೆ ನಾನೇ ಬರೆದ ಒಂದು ಹಾಡೂ ಇತ್ತು. ಇಲ್ಲದ್ದು ಡಿಸ್ಟಾರ್ಷನ್ ಪೆಡಲ್: ಗಿಟಾರಿನ ದನಿಯನ್ನು ಬೇಕೆಂದೇ ಒಡೆದು ಒರಟು ಮಾಡುವ, ಕಾಲಲ್ಲಿ ಒತ್ತುವ ಸಣ್ಣ ಪೆಟ್ಟಿಗೆ. ಅಂಗಡಿಯ ಬೆಲೆ ಕೇಳಿದ ಮೇಲೆ ನಾನೇ ಮಾಡಿಕೊಳ್ಳುತ್ತೇನೆಂದು ಎಲೆಕ್ಟ್ರಾನಿಕ್ ಸಾಮಾನಿನ ಅಂಗಡಿಗಳಿರುವ ಎಸ್.ಪಿ. ರೋಡಿಗೆ ಹೋಗಿ ಒಂದು ಐ.ಸಿ., ಎರಡು ಡಯೋಡು, ಒಂದು ಮುಷ್ಟಿ ಚಿಲ್ಲರೆ ಸಾಮಾನು ತಂದಿದ್ದೆ. ನಾನು ಸೋಲ್ಡರ್ ಮಾಡುತ್ತಿದ್ದ ಹೊಗೆ ಕಂಡು, ವೈರ್ ಸುಡುತ್ತಿದೆ ಎಂದುಕೊಂಡು ಆಂಟಿ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದರು. ನನ್ನ ಕೈಯಲ್ಲಿದ್ದ ಬೋರ್ಡನ್ನು ಕಿತ್ತುಕೊಂಡು, ಒಂದು ತಂತಿಯನ್ನು ಉಗುರಲ್ಲಿ ಹಿಡಿದು ಎಳೆದರು. ಬೆಸುಗೆ ಸಮೇತ ಕೈಗೆ ಬಂತು.

"ಇದು ಸೋಲ್ಡರಾ, ಇಲ್ಲ ಕಾಗೆ ಇಕ್ಕೆನಾ?" ಎಂದರು. "ಜನಗಳ ಕೈಯಾಗೆ ನರ ಉಡುಕ್ತೀಯ, ಇಷ್ಟಕ್ಕೆ ಯಾಕೆ ಕೈ ನಡುಗ್ತೈತೆ? ಮೊದ್ಲು ತಂತಿ ಕಾಯಿಸು, ಆಮೇಲೆ ಸೋಲ್ಡರ್ ತೋರ್ಸು. ಅದೇ ಅರ್ಕೊಂಡು ಓಗ್ತದೆ. ಆಮೇಲೆ ಎಳ್ದು ನೋಡು."

ಎಳ್ದು ನೋಡು. ಇದು ಅವರ ಬಾಯಲ್ಲಿ ದಿನಕ್ಕೆ ಹತ್ತು ಸಲ ಬರುವ ಮಾತು. ಬಟ್ಟೆ ಒಣಗಿಸುವ ಹಗ್ಗ ಕಟ್ಟಿದರೆ ಎಳ್ದು ನೋಡು, ಗೇಟಿನ ಬೀಗ ಹಾಕಿದರೆ ಎಳ್ದು ನೋಡು. ನನ್ನನ್ನು ನೋಡಲು ಗಂಡಿನವರು ಬಂದಿದ್ದಾರೆಂದು ತಿಳಿದಾಗಲೂ ಅದನ್ನೇ ಹೇಳಿದರು. ಆ ಗಂಡಿನ ಬೆಸುಗೆ ಕೈಗೇ ಬಂತು, ಆ ಕತೆ ಈಗ ಬೇಡ.

ಪೆಡಲ್ ಏನು ಮಾಡುತ್ತದೆಂದು ವಿವರಿಸಿದಾಗ ಅವರ ಮುಖ ಹುಳ್ಳಗಾಯಿತು. "ಚೆನ್ನಾಗಿರೋ ಸೌಂಡ್‌ನ ಕೈಯಾರೆ ಕೆಡಿಸ್ಕೋತೀಯಾ? ಜೀವಮಾನವೆಲ್ಲಾ ಕರಕರಾ ಅನ್ನೋ ಪೀಸ್‌ನ ವಾಪಸ್ ಕಳ್ಸಿದೋಳು ನಾನು!" ಎಂದರು. ಆದರೂ ಮರುವಾರ ಬಂದರು, ಅದರ ಮರುವಾರವೂ ಬಂದರು. ಕೆಲಸ ಬಿಟ್ಟ ಮೇಲೆ ಕಾದ ಕಬ್ಬಿಣ ಹಿಡಿದಿರಲಿಲ್ಲವಂತೆ. ಮೊದಲ ದಿನ ಅದನ್ನು ಹಿಡಿದಾಗ ಅವರ ಬೆನ್ನು ತಾನಾಗಿ ನೆಟ್ಟಗಾದದ್ದನ್ನು ನಾನು ಕಂಡೆ. ನನಗೆ ಬಹಳ ಸಂತೋಷವಾಯಿತು, ಆದರೆ ಹೇಳಲಿಲ್ಲ. ಹೇಳಿದ್ದರೆ ಎದ್ದು ಹೋಗಿಬಿಡುತ್ತಿದ್ದರು.

ಬೋರ್ಡನ್ನು ನಾನು ಪ್ಲಾಸ್ಟಿಕ್ ಸೋಪಿನ ಡಬ್ಬಿಯಲ್ಲಿಟ್ಟಿದ್ದೆ. ಟ್ಯೂಬ್‌ಲೈಟ್ ಹಾಕಿದೊಡನೆ ಅದು ಗುಂಯ್ ಎನ್ನುತ್ತಿತ್ತು. ಈ ಗುಂಯ್ ಸದ್ದಿಗೆ ಕಾರ್ಖಾನೆಯಲ್ಲಿ ಹಮ್ಮಿಂಗ್ ಎನ್ನುತ್ತಿದ್ದರಂತೆ, ಅದೆಂದರೆ ಆಂಟಿಗೆ ಮೈ ಉರಿಯುತ್ತಿತ್ತು. "ಲೋಹದ ಡಬ್ಬಿ ಬೇಕು" ಎಂದು ಕೆಳಗೆ ಹೋಗಿ, ಕಾರ್ಖಾನೆಗೆ ದಿನಾ ಮುದ್ದೆ ಕಟ್ಟಿಕೊಂಡು ಹೋಗುತ್ತಿದ್ದ ಸ್ಟೀಲಿನ ಟಿಫಿನ್ ಬಾಕ್ಸ್ ತಂದರು. ಲೇತ್ ಅಂಗಡಿಯಲ್ಲಿ ತೂತು ಕೊರೆಸಿ, ಸ್ವಿಚ್ಚು ಕೂರಿಸಿ ನೆಲದ ಮೇಲಿಟ್ಟೆವು. ನಾನು ಕಾಲೆತ್ತಿದ್ದೇ ತಡ, "ಏ, ನಿಲ್ಸು!" ಎಂದು ಕೂಗಿಕೊಂಡರು. ಅನ್ನ ಉಂಡ ಪಾತ್ರೆಯನ್ನು ತುಳಿಯುವುದುಂಟೇ! ಕೊಡುವಾಗ ಇಬ್ಬರಿಗೂ ಹೊಳೆದಿರಲಿಲ್ಲ. ಡಬ್ಬಿಯನ್ನೆತ್ತಿ ಸೆರಗಿನಿಂದ ಒರೆಸಿ ಮತ್ತೆ ನೆಲಕ್ಕಿಟ್ಟರು. ಕೊನೆಗೆ, "ತುಳಿಯೋಕೆ ಮುಂಚೆ ಮುಟ್ಟಿ ಕಣ್ಣಿಗೆ ಒತ್ಕೊ. ನಾಟ್ಯದೋರು ಭೂಮಿ ತಾಯೀನ ಕೇಳ್ಕೊಳಾಕಿಲ್ವಾ, ಅಂಗೆ" ಎಂದು ತೀರ್ಪು ಕೊಟ್ಟರು.

ಆ ವರ್ಷ ಊರಿನ ಗಣೇಶನ ಪೆಂಡಾಲಿನಲ್ಲಿ ನಮಗೆ ಅರ್ಧ ಗಂಟೆ ಸಿಕ್ಕಿತು. ಆಂಟಿಯೇ ಸಮಿತಿಯಲ್ಲಿದ್ದ ತಮ್ಮ ಅಣ್ಣನ ಮಗನಿಗೆ ಗಂಟುಬಿದ್ದು ಕೊಡಿಸಿದ್ದು. ಜನರ ಮುಂದೆ ನಾವು ನಿಲ್ಲುವುದು ಅದೇ ಮೊದಲು. ಇದು ಕೆಟ್ಟರೆ ಗಿಟಾರ್ ಮಾರಿಬಿಡುವುದೆಂದು ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡಿದ್ದೆ. ಎರಡು ದಿನ ಮುಂಚೆ ಲ್ಯಾಬಿನಲ್ಲಿ ಡಬಲ್ ಡ್ಯೂಟಿ ಬಿತ್ತು. ಒಮ್ಮೆ ಎಲ್ಲ ಎಳೆದು ನೋಡಿಡಿ ಎಂದು ಪೆಡಲನ್ನು ಆಂಟಿಗೆ ಕೊಟ್ಟು ಹೋದೆ.

ಕಾರ್ಯಕ್ರಮದ ದಿನ ಬೆಳಗ್ಗೆ ಅದನ್ನು ನನ್ನ ಕೈಗಿಟ್ಟಾಗ ಅವರ ಮುಖದಲ್ಲಿ ಗೆದ್ದವರ ನಗು. ಗಿಟಾರ್ ಸಿಕ್ಕಿಸಿ, ಡಬ್ಬಿ ಮುಟ್ಟಿ, ಕಣ್ಣಿಗೊತ್ತಿಕೊಂಡು ತುಳಿದೆ. ದನಿ ದೊಡ್ಡದಾಯಿತು. ಒರಟಾಗಲಿಲ್ಲ. ದೇವಸ್ಥಾನದ ಗಂಟೆಯ ಹಾಗೆ ಸ್ವಚ್ಛವಾಗಿ ಮೊಳಗಿತು.

"ಎಂಗೈತೆ?" ಎಂದರು ಆಂಟಿ. "ಆ ಎರಡು ಡಯೋಡೇ ಸೌಂಡ್‌ನ ಕತ್ತರಿಸ್ತಿದ್ದಿದ್ದು. ಕಿತ್ತಾಕ್ದೆ. ಒಂದು ರೆಸಿಸ್ಟರ್ರೂ ಬದ್ಲಾಯ್ಸ್‌ದೆ. ಈಗ ಒಂದು ಚೂರು ಕರಕರ ಇಲ್ಲ ನೋಡು."

ನಾನು ಎಷ್ಟೋ ವಾರದಿಂದ ಕೂಡಿಸಿದ್ದ ಕರಕರವನ್ನು ಅವರು ರಿಪೇರಿ ಮಾಡಿಬಿಟ್ಟಿದ್ದರು! ತಲೆ ಕೆಟ್ಟುಹೋಯಿತು. "ಯಾರು ಕೇಳಿದ್ದು ನಿಮ್ಮನ್ನ? ಅದು ನನ್ನದು ಆಂಟಿ! ಮೆತ್ತಗಿನ ಸೌಂಡಲ್ಲಿ ಸಿಟ್ಟಿನ ಹಾಡು ಹೇಳೋಕಾಗಲ್ಲ, ಸುಳ್ಳು ಅನ್ಸುತ್ತೆ!" ಎಂದು ಕಿರುಚಿದೆ. ಕೊನೆಯ ಮಾತಿಗೆ ದನಿ ಒಡೆದು ಅಳು ಬಂತು. ಅಷ್ಟು ದೊಡ್ಡವರ ಮೇಲೆ ಕೂಗಾಡಿದೆನಲ್ಲ ಎಂದು ಆ ಕ್ಷಣವೇ ನಾಚಿಕೆಯಾಯಿತು.

ಆಂಟಿ ಬಯ್ಯಲಿಲ್ಲ. ಮಂಚದ ಅಂಚಿನಲ್ಲಿ ಕೂತರು.

"ಒಂದ್ಸಲ ಇಪ್ಪತ್ತು ಪೀಸು ಹಮ್ಮಿಂಗ್ ಒಡೀತಿತ್ತು" ಎಂದರು. "ಬೊಟ್ಟಿಕ್ಕು ಅಂದ ಮ್ಯಾನೇಜರು. ಭಾಷಣ ಕೇಳೋರಿಗೆ ಅದೆಲ್ಲ ಏನ್ ಗೊತ್ತಾಯ್ತದೆ ಅಂದ. ಆಗಾಕಿಲ್ಲ ಸಾರ್ ಅಂದೆ. ಮೂರು ಸಲ ಮೆತ್ತಗೇ ಅಂದೆ, ಕಿವೀಗೇ ಆಕ್ಕೊಳ್ಳಿಲ್ಲ. ನಾಲ್ಕನೇ ಸಲ ಕಿರುಚ್ದೆ ನೋಡು, ಇಡೀ ಲೈನು ತಿರುಗಿ ನೋಡ್ತು."

"ಆಮೇಲೆ?"

"ಆಮೇಲೇನು, ಪ್ಯಾಕಿಂಗಿಗೆ ಆಕುದ್ರು. ಬಾಗ್ಲು ಮುಚ್ಚೋಗಂಟ ರಟ್ಟಿನ ಡಬ್ಬ ಅಂಟಿಸ್ದೆ. ಬೊಟ್ಟಿಕ್ಕೋ ಕೆಲ್ಸ ಅಲ್ಲಿಗೆ ಮುಗೀತು." ಸೆರಗಿನ ತುದಿಯ ಗಂಟು ಬಿಚ್ಚಿ, ಕಾಗದದಲ್ಲಿ ಸುತ್ತಿಟ್ಟಿದ್ದ ಎರಡು ಡಯೋಡನ್ನೂ ಹಳೆಯ ರೆಸಿಸ್ಟರನ್ನೂ ನನ್ನ ಅಂಗೈಗೆ ಹಾಕಿದರು. "ಅವತ್ತು ನನ್ ದನೀನೂ ಇಂಗೇ ಒಡ್ದಿತ್ತು. ಅದು ಡಿಫೆಕ್ಟ್ ಅಲ್ಲ, ಅಲ್ವಾ? ತಗೋ. ನಿನ್ ಪೀಸು, ನೀನೇ ಆಕು. ಇನ್ನೊಬ್ರ ಪೀಸು ಮುಟ್ಟಬಾರ್ದು ಅಂತ ಊರಿಗೆಲ್ಲ ಏಳ್ದೋಳು ನಾನೇ ಮುಟ್ಬಿಟ್ಟೆ."

ಕಣ್ಣೊರೆಸಿಕೊಂಡು ಕೂತೆ. ಕೈ ನಡುಗಲಿಲ್ಲ. ಅವರು ಪಕ್ಕದಲ್ಲಿ ಕೂತು ಡಯೋಡುಗಳನ್ನೂ ರೆಸಿಸ್ಟರನ್ನೂ ಎಳೆದು ನೋಡಿ, ಹೂ ಕಟ್ಟಲು ಕೆಳಗೆ ಹೋದರು. ಅವರು ಹೋದ ಮೇಲೆ ಬೋರ್ಡನ್ನು ಮತ್ತೆ ಡಬ್ಬಿಗೆ ಕೂರಿಸುವಾಗ ಗಿಟಾರ್ ಸಾಕೆಟ್ಟಿನ ತಂತಿಯೊಂದು ಅದರ ಅಡಿಯಿಂದ ಕಿತ್ತು ಬಂತು. ಹೊತ್ತಾಗಿತ್ತು. ಅವಸರದಲ್ಲಿ ಅದಕ್ಕೊಂದು ತೊಟ್ಟು ಸೋಲ್ಡರ್ ಮೆತ್ತಿ ಸ್ಕ್ರೂ ಬಿಗಿದೆ. ಎಳೆದು ನೋಡಲಿಲ್ಲ. ಹೊರಡುವಾಗ ಕೆಳಗೆ ನಿಂತು, "ಬೊಟ್ಟು ಇಡಲ್ವಾ ಆಂಟಿ?" ಎಂದು ರೇಗಿಸಿದೆ. "ಕರಕರಾ ಅನ್ನೋ ಪೀಸಿಗೆ ನಾನು ಬೊಟ್ಟಿಕ್ಕಾಕಿಲ್ಲ" ಎಂದರು ಬಿಗುವಾಗಿ.

ಸಂಜೆ ಪೆಂಡಾಲಿನಲ್ಲಿ ಮೊದಲ ಸಾಲಿನ ಕುರ್ಚಿಯಲ್ಲಿ ಜರಿ ಸೀರೆ ಉಟ್ಟು ಕೂತಿದ್ದರು. ನಾನು ಬಗ್ಗಿ ಡಬ್ಬಿ ಮುಟ್ಟಿ ಕಣ್ಣಿಗೊತ್ತಿಕೊಂಡಾಗ ಜನ, ಪಾಪ, ಭಕ್ತಿಯ ಹಾಡಿರಬೇಕೆಂದು ಕೈಮುಗಿದರು. ಆಮೇಲೆ ತುಳಿದೆ. ಮುಂದೆ ಕೂತಿದ್ದ ಅಜ್ಜನೊಬ್ಬ ಕಿವಿ ಮುಚ್ಚಿಕೊಂಡ. ಹಿಂದೆ ನಿಂತಿದ್ದ ಗಾರ್ಮೆಂಟ್ಸ್ ಕಡೆಯ ಹೆಂಗಸರು ಎರಡನೇ ಚರಣಕ್ಕೆ ಚಪ್ಪಾಳೆ ತಟ್ಟತೊಡಗಿದರು, ಮೂರನೆಯದಕ್ಕೆ ದನಿಗೂಡಿಸಿದರು. ಆಂಟಿ ಮಾತ್ರ ಎರಡು ಕಿವಿಗೂ ಅಂಗೈ ಒಡ್ಡಿ, ಕಣ್ಣು ಮುಚ್ಚಿ, ಹೆಡ್‌ಫೋನ್ ಹಾಕಿಕೊಂಡವರ ಹಾಗೆ ಕೂತಿದ್ದರು. ಗಿಟಾರ್ ಮಾರುವ ಯೋಚನೆ ನನಗೆ ಆಮೇಲೆ ಎಂದೂ ಬರಲಿಲ್ಲ.

ಇಳಿದು ಬಂದು ಅವರ ಮುಂದೆ ನಿಂತೆ. "ಹಮ್ಮಿಂಗ್ ಇಲ್ಲ" ಎಂದರು. "ನೀನ್ ಆಕಿರೋ ಕರಕರ ಬಿಟ್ರೆ ಬ್ಯಾರೆ ಏನೂ ಇಲ್ಲ." ಅಷ್ಟೇ.

ಆಯುಧಪೂಜೆಗೆ ಪೆಡಲ್ ಕೊಡೆಂದು ಕೇಳಿ ಇಸಿದುಕೊಂಡರು. ಮಗನ ಕಾರು, ನೀರಿನ ಮೋಟರ್, ಕಾರ್ಖಾನೆಯ ಕಾಲದ ಚಿಮುಟ, ಅದರ ಪಕ್ಕ ನನ್ನ ಟಿಫಿನ್ ಬಾಕ್ಸ್. ಮಾರನೆಯ ದಿನ ಮೈತುಂಬ ಕುಂಕುಮದೊಂದಿಗೆ ವಾಪಸ್ ಕೊಟ್ಟು, "ಪುರುಸೊತ್ತಾದಾಗ ಒಂದ್ಸಲ ಬಿಚ್ಚಿ ನೋಡು" ಎಂದರು. ಹೂಂ ಎಂದೆ. ಬ್ಯಾಟರಿ ಬದಲಿಸಲು ಮುಚ್ಚಳ ತೆಗೆದರೆ ಸಾಕಾಗುತ್ತಿತ್ತು. ಬೆಸುಗೆಗಳೆಲ್ಲ ಬೋರ್ಡಿನ ಅಡಿಯಲ್ಲಿ. ಸ್ಕ್ರೂ ಬಿಚ್ಚುವ ಉಸಾಬರಿಗೆ ನಾನು ಹೋಗಲೇ ಇಲ್ಲ.

ಕೆಲಸಕ್ಕೆ ಹತ್ತಿರವೆಂದು ನಾನು ಬ್ರೂಕ್‌ಫೀಲ್ಡಿಗೆ ಮನೆ ಬದಲಿಸಿದೆ. ಹಬ್ಬಕ್ಕೆ ಹೋಗುತ್ತಿದ್ದೆ, ನಡುನಡುವೆ ಫೋನ್ ಮಾಡುತ್ತಿದ್ದೆ. ಹೋದ ವರ್ಷ ಒಂದು ಬೆಳಗ್ಗೆ ಗೇಟಿನ ಬೀಗ ತೆಗೆಯಲು ಹೋದವರು ಅಲ್ಲೇ ಕುಸಿದರಂತೆ. ಆಸ್ಪತ್ರೆ ಮುಟ್ಟುವವರೆಗೂ ಜೀವ ನಿಲ್ಲಲಿಲ್ಲ. ತಿಥಿಯ ದಿನ ಅವರ ಸೊಸೆ ನನ್ನ ಕೈ ಹಿಡಿದು, "ಸಾರಿಗೆ ಉಪ್ಪು ಸರಿಯಾಗಿದ್ಯಾ ನೋಡಿ" ಎಂದು ಹೇಳಿ ಅತ್ತರು. ನನಗೂ ಅಳು ತಡೆಯಲಾಗಲಿಲ್ಲ.

ಈ ವರ್ಷ ದೊಡ್ಡನೆಕ್ಕುಂದಿಯವರು ಗಣೇಶನಿಗೆ ಮತ್ತೆ ಕರೆದರು, ಈ ಸಲ ಯಾರ ಶಿಫಾರಸೂ ಇಲ್ಲದೆ. ಹಿಂದಿನ ಭಾನುವಾರ ಅಭ್ಯಾಸ ಮಾಡುವಾಗ ಪೆಡಲ್ ಸುಮ್ಮನಾಯಿತು. ಅಷ್ಟು ವರ್ಷಗಳಲ್ಲಿ ಮೊದಲ ಸಲ ನಾಲ್ಕು ಸ್ಕ್ರೂ ಬಿಚ್ಚಿ ಬೋರ್ಡ್ ಮಗುಚಿದೆ. ಅಡಿಯಲ್ಲೆಲ್ಲ ಕೆಂಪು ಬೊಟ್ಟುಗಳು. ಪ್ರತಿ ಬೆಸುಗೆಗೂ ಒಂದೊಂದು. ಅವರು ಕಿತ್ತು ನಾನು ಮತ್ತೆ ಹಾಕಿದ್ದ ಆ ಎರಡು ಡಯೋಡುಗಳ ನಾಲ್ಕು ಕಾಲಿಗೂ ಇತ್ತು. ಪ್ಯಾಕಿಂಗಿಗೆ ಹೋದ ಮೇಲೆ ಅವರಿಟ್ಟ ಬೊಟ್ಟುಗಳು ಅವಷ್ಟೇ, ಕರಕರಾ ಅನ್ನುವ ನನ್ನ ಪೀಸಿಗೆ.

ಒಂದೇ ಒಂದು ಜಾಗ ಖಾಲಿಯಿತ್ತು. ಅವತ್ತು ಅವಸರದಲ್ಲಿ ಮೆತ್ತಿದ ತಂತಿ. ಎಳೆದೆ, ಕೈಗೆ ಬಂತು. ಅಳುತ್ತಿದ್ದವಳಿಗೆ ನಗು ಬಂದುಬಿಟ್ಟಿತು. ಎಲ್ಲ ನೋಡಿ, ತಿಳಿದು, ನನ್ನ ತಪ್ಪನ್ನು ನನಗೇ ಬಿಟ್ಟು ಹೋಗಿದ್ದರು ಮಹಾತಾಯಿ!

ತಂತಿ ಕಾಯಿಸಿದೆ. ಸೋಲ್ಡರ್ ತೋರಿಸಿದೆ. ಅದೇ ಹರಿದುಕೊಂಡು ಹೋಗಿ ಕೂತಿತು. ಎಳೆದೆ, ಬರಲಿಲ್ಲ. ಇನ್ನೊಮ್ಮೆ ಎಳೆದೆ. ಕೆಂಪು ನೇಲ್‌ಪಾಲಿಶ್ ಕೈಯಳತೆಯಲ್ಲೇ ಇತ್ತು, ಮುಟ್ಟಲಿಲ್ಲ. ತನ್ನ ಕೆಲಸಕ್ಕೆ ತಾನೇ ಬೊಟ್ಟಿಡುವ ಹಾಗಿಲ್ಲ. ಆ ಜಾಗ ಈಗಲೂ ಖಾಲಿಯಿದೆ.

ಗಣೇಶನ ಮುಂದೆ ಡಬ್ಬಿ ಮುಟ್ಟಿ, ಕಣ್ಣಿಗೊತ್ತಿಕೊಂಡು ತುಳಿದೆ. ಹಾಡೆಲ್ಲ ಮುಗಿದ ಮೇಲೆ ಪೆಡಲ್ ಆರಿಸಲಿಲ್ಲ. ಅಂಗೈಯಿಂದ ತಂತಿಗಳನ್ನು ಒತ್ತಿ ಹಿಡಿದು, ಮೊದಲ ಸಾಲಿನ ಕುರ್ಚಿಗಳ ಕಡೆ ತಿರುಗಿ ಒಂದು ಕ್ಷಣ ಕಿವಿಗೊಟ್ಟೆ.

ಹಮ್ಮಿಂಗ್ ಇರಲಿಲ್ಲ, ಆಂಟಿ.