ಇಲಿಮರಿಗೆ ಕೊಟ್ಟ ದನಿ

ಪಾಪಕ್ಕನಿಗೆ ಮೊಣಕಾಲು ನೋವು, ಮುಂದಿನ ಎರಡು ಹಲ್ಲು ಕಟ್ಟಿಸಿದ್ದು, ತಲೆ ಪೂರ್ತಿ ಬೆಳ್ಳಗಾಗಿದೆ. ಆದರೂ ಡಬ್ಬಿಂಗ್ ಸ್ಟುಡಿಯೋದಲ್ಲಿ ಎಲ್ಲರಿಗೂ ಆಕೆ ಪಾಪಕ್ಕನೇ. ಪರಭಾಷೆಯ ಕಾರ್ಟೂನ್ ಸಿನಿಮಾ ಬಂತೆಂದರೆ ಮರಿಕೋತಿ, ಮರಿಯಾನೆ, ಮರಿಕರಡಿ ಎಲ್ಲವೂ ಅವಳ ಪಾಲಿಗೆ. ಮುಖ ನೋಡಿ ಮಣೆ ಹಾಕುವ ಲೋಕದಲ್ಲಿ ದನಿ ಕೇಳಿ ಮಣೆ ಹಾಕುವ ಜಾಗ ಇದೊಂದೇ ಎಂದು ಅವಳೇ ಹೇಳಿಕೊಂಡು ನಗುತ್ತಿದ್ದಳು.

ಅವಳ ಕಸುಬಿನಲ್ಲಿ ಒಂದು ಗುಟ್ಟಿತ್ತು. ದನಿಯನ್ನು ಅವಳು ಹುಟ್ಟಿಸುತ್ತಿರಲಿಲ್ಲ, ಕಡ ತರುತ್ತಿದ್ದಳು. ಪಕ್ಕದ ಮನೆಯ ತರಲೆಯದೋ, ಬಸ್ಸಿನಲ್ಲಿ ಕಿಟಕಿ ಸೀಟಿಗೆ ಹಟ ಹಿಡಿದವಳದೋ ಮಾತಿನ ವರಸೆಯನ್ನು ಕಿವಿಯಲ್ಲಿ ತುಂಬಿಕೊಂಡು ಬಂದು ಮೈಕಿನ ಮುಂದೆ ಸುರಿಯುತ್ತಿದ್ದಳು. ಈ ಸಲದ್ದು ಒಂದು ಇಲಿ ಸಂಸಾರದ ಕತೆ. ಅದರ ಕೊನೆಯ ಮರಿಗೆ ದನಿ ಹುಡುಕಿಕೊಂಡು ಅವಳು ದೂರ ಹೋಗಲಿಲ್ಲ. ಮಗಳ ಮಗಳೇ ಇದ್ದಳಲ್ಲ! ರಕಾರ ತಿರುಗದ ನಾಲಿಗೆ, ಮಾತಿನ ಕೊನೆಯನ್ನು ಮೇಲಕ್ಕೆಳೆಯುವ ರಾಗ. ಅದನ್ನೇ ಇಲಿಮರಿಗೆ ಕೊಟ್ಟಳು.

ಕತೆ ಸರಳ. ಹಳೆಯ ಗಿರಣಿಯ ನೆಲದಡಿ ಇಲಿಗಳು ಸುಖವಾಗಿವೆ. ಒಂದು ದಿನ ಬಿಲಕ್ಕೆ ನೀರು ನುಗ್ಗುತ್ತದೆ. ಮರುದೃಶ್ಯದಲ್ಲಿ ಎಲ್ಲವೂ ಒಂದು ಹಳೆಯ ಬೂಟಿನಲ್ಲಿ ಕೂತು ಅಲೆಯಿಲ್ಲದ ಕೆರೆ ದಾಟುತ್ತಿವೆ. ಆಚೆ ದಡದಲ್ಲಿ ದೀಪ ಹಚ್ಚಿದ ಮನೆ. ಬಾಗಿಲಲ್ಲಿ ಅಜ್ಜಿ ಇಲಿ, ಮೊದಲು ಗೋಡೆಯ ಫೋಟೋದಲ್ಲಷ್ಟೇ ಕಂಡಿದ್ದವಳು. ಒಂದೊಂದಾಗಿ ಎಲ್ಲವೂ ಒಳಗೆ ಹೋಗುತ್ತವೆ. ಮರಿ ಮಾತ್ರ ಹೊಸ್ತಿಲಲ್ಲಿ ನಿಂತು ಹಿಂದಕ್ಕೆ ನೋಡುತ್ತದೆ. ಅಜ್ಜಿ ಕರೆಯುತ್ತಾಳೆ. “ನಾನೂ ಬಲ್ತೀನಿ ಅಜ್ಜೀ” ಎಂದು ಅದೂ ಓಡುತ್ತದೆ. ಬಾಗಿಲು ಮುಚ್ಚುತ್ತದೆ, ಸಿನಿಮಾ ಮುಗಿಯುತ್ತದೆ.

ಪಾಪಕ್ಕನ ತಲೆಗೆ ಹುಳ ಹೊಕ್ಕಿದ್ದು ಉಸಿರಿನಿಂದ. ಡಬ್ಬಿಂಗ್‌ನಲ್ಲಿ ಮಾತಿನಷ್ಟೇ ಮುಖ್ಯ ಉಸಿರು. ಓಡಿದರೆ ಏದುಸಿರು, ಹೆದರಿದರೆ ಒಳಗೆಳೆದ ಉಸಿರು, ಎಲ್ಲವನ್ನೂ ದನಿ ಕೊಡುವವರೇ ಹಾಕಬೇಕು. ಅದಕ್ಕೇ ಅವಳು ಹೆಡ್‌ಫೋನಿನಲ್ಲಿ ಮೂಲದ ದನಿಯನ್ನು ಕಣ್ಣು ಮುಚ್ಚಿ ಕೇಳುತ್ತಿದ್ದಳು. ನೀರು ನುಗ್ಗಿದ ಮೇಲೆ ಅಪ್ಪ ಇಲಿಗೆ ಉಸಿರಿಲ್ಲ. ಅಮ್ಮನಿಗಿಲ್ಲ, ಅಣ್ಣಂದಿರಿಗಿಲ್ಲ. ಮಾತಿದೆ, ನಗುವಿದೆ, ಉಸಿರಿಲ್ಲ. ಮರಿಗೊಂದಕ್ಕೇ ಇದೆ. ಕೆರೆಯ ದಡದಲ್ಲಿ ಒಂದು ಬೆಕ್ಕು ಕೂತಿರುತ್ತದೆ, ಅದು ಕೂಡ ಮರಿಯನ್ನಷ್ಟೇ ನೋಡುತ್ತದೆ.

“ಇವರೆಲ್ಲ ಆಗಲೇ ಸತ್ತಿದಾರೆ ಕಣಪ್ಪ,” ಎಂದಳು ಗಾಜಿನಾಚೆ ಕೂತ ಸೌಂಡ್ ಇಂಜಿನಿಯರಿಗೆ. “ಮರಿ ಒಂದೇ ಇನ್ನೂ ಇತ್ಲಾಗಿದೆ.”

“ಬಿಡ್ತು ಅನ್ನಿ ಪಾಪಕ್ಕ! ಮಕ್ಕಳ ಸಿನಿಮಾ ಇದು. ಕೊನೇಲಿ ಎಲ್ಲರೂ ಹೇಗೆ ನಗ್ತಾರೆ ನೋಡಿ.”

“ನಗ್ತಾರೆ. ಉಸಿರಾಡಲ್ಲ.”

ಬೇರೆ ಹೊತ್ತಾಗಿದ್ದರೆ ಇದು ಚಹಾದ ಜೊತೆ ಮುಗಿಯುವ ಮಾತು. ಆದರೆ ಆ ವಾರ ಮೊಮ್ಮಗಳು ಆಸ್ಪತ್ರೆ ಸೇರಿದ್ದಳು. ಎದೆಯಲ್ಲಿ ಕಫ ಕಟ್ಟಿ ಉಸಿರಿಗೆ ಒದ್ದಾಡುತ್ತಿದ್ದ ಮಗುವಿನ ಮೂಗಿನ ಮೇಲೆ ಮಾಸ್ಕ್ ಇಟ್ಟಿದ್ದರು. ಕೊನೆಯ ದೃಶ್ಯದ ಸರದಿ ಬಂದಾಗ ಪಾಪಕ್ಕ ಮೈಕಿನಿಂದ ಹಿಂದೆ ಸರಿದಳು. ಮರಿಯನ್ನು ಹೊಸ್ತಿಲು ದಾಟಿಸಬೇಕಾದವಳು ತಾನು, ಅದೂ ಆ ಮಗುವಿನದೇ ದನಿಯಲ್ಲಿ! ಬೇರೆ ಮಗುವಿನ ದನಿ ತರೋಣವೆಂದರೆ, ಯಾರ ಮನೆಯದನ್ನು ತರುವುದು? ಪಕ್ಕದ ಮನೆಯ ತರಲೆ ನೆನಪಾದ. ಒಂದು ಕ್ಷಣ ಅವನದೇ ಇರಲಿ ಎಂದೂ ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೆ ನಾಚಿ ತನ್ನ ಕೆನ್ನೆಗೆ ತಾನೇ ಹೊಡೆದುಕೊಂಡಳು.

ಕೊನೆಗೆ ತನ್ನ ಸ್ವಂತ ದನಿಯಲ್ಲೇ ಹೇಳಿದಳು. ಹೋಗುವುದಿದ್ದರೆ ಹಣ್ಣೆಲೆ ಹೋಗಲಿ.

“ಪಾಪಕ್ಕ, ಇಲಿಮರಿ ಮೈಮೇಲೆ ಅಜ್ಜಿ ಬಂದಳಾ?” ಎಂದು ಇಂಜಿನಿಯರ್ ನಕ್ಕ. “ಇನ್ನೊಂದ್ಸಲ ಹೇಳಿ.”

“ನನ್ನ ಕೈಲಾಗಲ್ಲಪ್ಪ,” ಎಂದವಳೇ ಹೆಡ್‌ಫೋನ್ ಕಳಚಿಟ್ಟು ಬಸ್ಸು ಹಿಡಿದಳು.

ಆಸ್ಪತ್ರೆಯಲ್ಲಿ ಮಗಳ ಮುಖ ಅರಳಿತ್ತು. “ಜ್ವರ ಇಳೀತಮ್ಮ. ಮಾಸ್ಕ್ ತೆಗೆದ್ರು, ಈಗಷ್ಟೇ ಮಲಗಿದಾಳೆ.” ಪಾಪಕ್ಕನ ಜೀವ ಮರಳಿ ಬಂದಂತಾಯಿತು. ಆ ಮಾತನ್ನು ಮಗುವಿನ ದನಿಯಲ್ಲಿ ಆಡದೆ ಬಂದದ್ದೇ ಒಳ್ಳೆಯದಾಯಿತು ಎಂದುಕೊಂಡು ವಾರ್ಡಿನ ಹೊರಗಿನ ಬೆಂಚಿನಲ್ಲಿ ಕಾಲು ಚಾಚಿದಳು. ಅಷ್ಟರಲ್ಲಿ ಇಂಜಿನಿಯರ್ ಫೋನ್ ಮಾಡಿದ. ಪಾಪ, ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದು.

“ಪಾಪಕ್ಕ, ನೀವು ಆರಾಮಾಗಿ ಮಗು ನೋಡ್ಕೊಳ್ಳಿ. ಮೊದಲನೇ ದಿನ ಮರಿಯ ದನಿ ಹೊಂದುತ್ತಾ ನೋಡೋಕೆ ಅಂತ ಕೊನೇ ಮಾತು ಹೇಳಿಸಿದ್ನಲ್ಲ? ಅದು ರೆಕಾರ್ಡ್ ಆಗಿತ್ತು. ಅದನ್ನೇ ಹಾಕ್ಬಿಟ್ಟೆ. ಎಷ್ಟು ಚೆನ್ನಾಗಿ ಕೂತಿದೆ ಗೊತ್ತಾ! ಸಿನಿಮಾ ಆಗಲೇ ಕಳಿಸಿಯೂ ಆಯ್ತು.”

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಪಾಪಕ್ಕ ಫೋನನ್ನು ಬೆಂಚಿನ ಮೇಲೇ ಬಿಟ್ಟು ಒಳಗೆ ಓಡಿದಳು. ಮಲಗಿದ್ದ ಮಗುವಿನ ಭುಜ ಹಿಡಿದು ಅಲುಗಾಡಿಸಿದಳು.

“ಏನಮ್ಮಾ ನೀನು, ಈಗ ನಿದ್ದೆ ಹತ್ತಿತ್ತು!” ಎಂದು ಮಗಳು ಸಿಡುಕಿದಳು.

“ಒಂದು ಮಾತಾಡಲಿ ಕಣೇ. ಒಂದೇ ಮಾತು. ಪುಟ್ಟೀ, ಅಜ್ಜಿ ಅನ್ನು ನೋಡೋಣ.”

ಮಗು ಕಣ್ಣು ಬಿಟ್ಟು ಅಜ್ಜಿಯನ್ನು ನೋಡಿತು. ತುಟಿ ತೆರೆಯಿತು. ಬಂದದ್ದು ಒಂದು ಒಣ, ಗೊಗ್ಗರು ಸದ್ದು. ರಾಗವಿಲ್ಲ, ಎಳೆತವಿಲ್ಲ, ಪಾಪಕ್ಕ ಹಿಂದೆಂದೂ ಕೇಳದ ದನಿ.

“ಗಂಟಲು ಊದಿದೆ ಅಜ್ಜಿ, ಸರಿಹೋಗತ್ತೆ,” ಎಂದು ನರ್ಸ್ ಬೆನ್ನು ತಟ್ಟಿ ಹೋದಳು.

ಪಾಪಕ್ಕ ತಲೆಯಾಡಿಸಿದಳು. ದನಿ ಯಾವ ಹೊಸ್ತಿಲು ದಾಟಿ ಹೋಗಿದೆ ಎಂದು ಅವಳಿಗೆ ಗೊತ್ತಿತ್ತು, ಹೇಳಿದರೆ ನಂಬುವವರಿರಲಿಲ್ಲ. ಮಂಚದ ತುದಿಯಲ್ಲಿ ಕೂತು, ಹೊದಿಕೆಯೊಳಗೆ ಕೈ ಹಾಕಿ, ಮಗುವಿನ ಎರಡೂ ಪಾದಗಳನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಮಗಳು ಊಟಕ್ಕೆ ಕರೆದಾಗಲೂ ಬಿಡಲಿಲ್ಲ.