ಪಾಡವಾದ ಆರತಿ

ಬೋರಗಾಂವದಾಗ ನಮ್ಮ ಬಾಜೂ ಮನಿ ಅನುಸೂಯಾ ಇಂಗ್ಲಿಷ್ ಟ್ಯೂಶನ್ ಹೇಳ್ತಾಳ. ನಮ್ಮ ಮಗ್ಗದ ಸಪ್ಪಳದಾಗೂ ಆಕಿ ಪಾಠ ನನಗ ಕೇಳಸ್ತೈತಿ.

ಆಕಿ ಗಂಡ ಬಾಬಾಸಾಹೇಬ ಇಚಲಕರಂಜಿಯೊಳಗ ಬ್ಯಾರೆ ಹೆಂಗಸಿನ ಜೋಡಿ ಸಂಸಾರ ಹೂಡ್ಯಾನ. ಅವನ ಬಾಯಾಗ ಮಣ್ಣ ಬೀಳಲಿ! ವರ್ಷಕ್ಕೊಮ್ಮೆ, ಹೆಂಡ್ರು ಗಂಡಂದಿರಿಗೆ ಆರತಿ ಬೆಳಗೋ ದೀವಳಗಿ ಪಾಡವಾಕ್ಕ ಬರ್ತಾನ. ಮಣಿ ಮ್ಯಾಲ ಕುಂತು ಹೆಂಡ್ತಿ ಕಡಿಂದ ಆರತಿ ಬೆಳಗಿಸ್ಕೋತಾನ, ತಾಟಿನ್ಯಾಗ ಒಂದು ಸೀರಿ ಒಗೀತಾನ, ಮರುದಿನ ಗಾಡಿ ಹತ್ತತಾನ. "ಬಿಟ್ಟಾನಂತ ಹೆಂಗ ಅಂತಿ? ಹಬ್ಬಕ್ಕ ಬಂದಾನಲ್ಲ" ಅಂತ ಹಿರ್ಯಾರು ಆಕಿ ಬಾಯಿ ಮುಚ್ಚಸ್ತಾರ. ಸೋಡಚಿಟ್ಟಿ ಬರದು ಬಿಡುಗಡೆ ಕೊಡಂಗಿಲ್ಲ, ಸಂಸಾರಾನೂ ಮಾಡಂಗಿಲ್ಲ. ಬಿಸಿ ತುಪ್ಪ ಬಾಯಾಗಿಟ್ಟಂಗ, ಉಗುಳಂಗಿಲ್ಲ ನುಂಗಂಗಿಲ್ಲ.

ಈ ಸಲ ಶ್ರಾವಣದಾಗ ಬಿಡುಗಡೆ ಬೇಕಂತ ಆಕೀನ ಇಂಗ್ಲಿಷಿನ್ಯಾಗ ಅರ್ಜಿ ಬರದ್ಲು. ಅದರಾಗ 'ಫಾರ್ಸೇಕ್' ಅನ್ನೋ ಹಳೇ ಕಾಲದ ಮಾತು ಹಾಕಿದ್ಲು. "ಸುಮ್ನ ಬಿಟ್ಟು ಹೋದ್ರ ಇದನ್ನ ಬರೀಬಾರ್ದು. ತನ್ನನ್ನ ನಂಬಿದವರನ್ನ ಕೈಬಿಟ್ರ ಅಷ್ಟ ಬರೀಬೇಕು" ಅಂತ ಹುಡುಗ್ರಿಗೆ ಹೇಳಿದ್ದನ್ನ ನಾನೂ ಕೇಳೇನಿ.

ಚಿಕ್ಕೋಡಿ ವಕೀಲಬಾಯಿ ಕಡೆ ನನ್ನೂ ಕರಕೊಂಡು ಹೋದ್ಲು. ಅವ್ರು ಓದಿ, "ಮಾತು ಚೊಲೋ ಕುಂತೈತಿ. ಆದ್ರ ವರ್ಷಾವರ್ಷಾ ಆರತಿ ಬೆಳಗತೀರಿ, ಗಂಡನ ಕಡಿಯವ್ರು ಕೋರ್ಟಿನ್ಯಾಗ ಅದರ ಫೋಟೋ ತೋರಸ್ತಾರ. ಕೈಬಿಟ್ಟಾನಂದ್ರ ಯಾರು ನಂಬಬೇಕ್ರಿ?" ಅಂದ್ರು.

ಹೊರಗ ಬಂದು ನಾ, "ಈ ಸಲ ಬೆಳಗಬ್ಯಾಡವಾ" ಅಂದೆ.

"ಅತ್ತಿ?" ಅಂದ್ಲು.

ಅತ್ತಿ ಗೌರಾಬಾಯಿಗೆ ಲಕ್ವಾ ಹೊಡದು ಹಾಸಗಿ ಹಿಡದಾಳ. ಅನ್ನ, ನೀರು, ಮೈ ತೊಳೆಯೋದು ಎಲ್ಲಾ ಸೊಸಿ ಕೈಲೆ. ಮಗ ಬರೋ ಆ ಒಂದು ದಿನಕ್ಕ ಮುದಕಿ ಜೀವಾ ಹಿಡಕೊಂಡಿರ್ತಾಳ. ಆರತಿ ಇಲ್ಲಂದ್ರ ಅವ ಮತ್ತ ಈ ಮನಿ ಮೆಟ್ಟಲಾ ಹತ್ತಂಗಿಲ್ಲ.

ಪಾಡವಾ ಬಂತು. ಬಾಬಾಸಾಹೇಬ ಮಣಿ ಮ್ಯಾಲ ಕುಂತ, ಆಕಿ ಮೈದುನ ಫೋಟೋ ತಗ್ಯಾಕ ಮೊಬೈಲ್ ಹಿಡದು ನಿಂತ. ಅನುಸೂಯಾ ತಾಟು ತಂದ್ಲು. ದೀಪ ಹಚ್ಚಿರಲಿಲ್ಲ.

"ಎಣ್ಣಿ ತೀರೇತೇನ ಬೇ?" ಅತ್ತಿ ಹಾಸಗಿಂದನ ಕೇಳಿದ್ಲು.

"ಎಣ್ಣಿ ಐತ್ರಿ ಅತ್ತಿ. ನಾ ಹಚ್ಚೂದಿಲ್ಲ."

ಶಭಾಷ್ ನನ್ನವ್ವಾ! ಬಾಗಲಾಗ ನಿಂತಿದ್ದ ನನಗ ಕುಣಿಬೇಕು ಅನಿಸ್ತು. ಬಾಬಾಸಾಹೇಬ ಬೈಕೋತ ಎದ್ದು ಆಗಲೇ ಗಾಡಿ ಹತ್ತಿದ. ತಾಯಿ ಮಾರೀನೂ ನೋಡಲಿಲ್ಲ.

ಗೌರಾಬಾಯಿ ಅಳಾಕ ಹತ್ತಿದ್ಲು. ಅನುಸೂಯಾ ತಾಟು ಬದಿಗಿಟ್ಟು, ಅತ್ತಿ ಕಣ್ಣೊರಸಿ, ಹಾಲು ಅನ್ನ ಕಲಸ್ಕೊಂಡು ಬಂದು ಕುಂತ್ಲು. ಮುದಕಿ ನೆಟ್ಟಗಿರೋ ಒಂದು ಕೈಲೆ ಆಕಿ ಸೆರಗ ಹಿಡಕೊಂಡ್ಲು.

"ನೀನೂ ಹೋಗತೀಯೇನವ್ವಾ?"

ಅನುಸೂಯಾ ಇನ್ನೊಂದು ತುತ್ತು ಆಕಿ ಬಾಯಿಗಿಟ್ಲು. 'ಫಾರ್ಸೇಕ್' ಅಂತ ಬರದ ಆ ಅರ್ಜಿ ಇವತ್ತಿಗೂ ಕೋರ್ಟಿಗೆ ಹೋಗಿಲ್ಲ.